ಕೊಯ್ದ ತೊಲೆಯ ಕೆಳಗೆ

ಹಿಸ್ಸೆಯಾದಾಗ ನೀರು ಕಾಯಿಸುವ ತಾಮ್ರದ ಹಂಡೆ ನಮ್ಮ ಪಾಲಿಗೆ ಬಂತು, ಅದರ ಮುಚ್ಚಳ ದೊಡ್ಡಪ್ಪನ ಪಾಲಿಗೆ ಹೋಯಿತು. ಇದನ್ನು ಹೇಳಿದರೆ ಜನ ನಾನು ಕತೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಕಟ್ಟಿದ್ದಲ್ಲ. ಪಂಚರು ಪಾತ್ರೆಗಳನ್ನೆಲ್ಲ ತೂಗಿ ಎರಡು ರಾಶಿ ಮಾಡಿದ್ದರು. ಕೊನೆಗೆ ದೊಡ್ಡಪ್ಪನ ರಾಶಿ ತುಸು ಹಗುರಾಯಿತು. ಹಂಡೆಯ ಮುಚ್ಚಳ ತೆಗೆದು ಆ ಕಡೆ ಇಟ್ಟರು, ತಕ್ಕಡಿ ಸಮ ನಿಂತಿತು. "ನ್ಯಾಯ ಅಂದ್ರೆ ಇದು" ಎಂದರಂತೆ ಒಬ್ಬ ಹಿರಿಯರು. ಅಂದಿನಿಂದ ನಾವು ಹಂಡೆಗೆ ಹಲಗೆ ಮುಚ್ಚಿ ನೀರು ಕಾಯಿಸಿದೆವು. ಅವರು ಆ ಮುಚ್ಚಳವನ್ನು ಅಂಗಳದಲ್ಲಿಟ್ಟು ಸಂಡಿಗೆ ಒಣಗಿಸಿಕೊಂಡರು.

ಅದೇ ನ್ಯಾಯ ತೊಲೆಗೂ ಆಯಿತು.

ಹೊಸನಗರ ಪೇಟೆಯಲ್ಲಿ ನಮ್ಮದು ಬೀದಿಗೆ ಮುಖ ಮಾಡಿದ ಉದ್ದನೆಯ ಹೆಂಚಿನ ಮನೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಕಲ್ಲು ಕಲ್ಲಿನ ನಡುವೆ ಕೆಮ್ಮಣ್ಣು. ಒಳಗೆ ಕಾಲಿಟ್ಟರೆ ಬೀದಿಯಿಂದ ಹಿತ್ತಿಲವರೆಗೆ ಒಂದೇ ಪಡಸಾಲೆ ಇತ್ತು. ಅದರ ಉದ್ದಕ್ಕೂ ತಲೆಯ ಮೇಲೆ ಒಂದೇ ತೊಲೆ, ಆ ತೊಲೆಯ ನಟ್ಟನಡುವೆ ಒಂದು ಕಂಬ. ಆ ತೊಲೆಯ ಮರ ಉರುಳಿಸಿದ ದಿನ ಕಾಡಿನ ನೆಲಕ್ಕೆ ಮೊದಲ ಸಲ ಬಿಸಿಲು ಬಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಮಾತೇ ಹಾಗೆ. ನನ್ನ ಬಾಯಿಯಲ್ಲಿ ಒಳ್ಳೆಯ ಮಾತು ಏನಾದರೂ ಬಂದರೆ ಅದು ಅವರ ಉಗ್ರಾಣದ್ದು.

ದೊಡ್ಡಪ್ಪನಿಗೂ ಅಪ್ಪನಿಗೂ ಮನಸ್ಸು ಮುರಿದು ಮನೆ ಪಾಲಾಗುವಾಗ ಮುಂದಿನ ಅರ್ಧ ಅವರಿಗೆ, ಹಿಂದಿನ ಅರ್ಧ ನಮಗೆ ಎಂದಾಯಿತು. ಗಡಿ ಸರಿಯಾಗಿ ಕಂಬದ ಮೇಲೆ ಬಂತು. ಕಂಬ ಯಾರದು? ಜಗಳ ಹರಿಯಲಿಲ್ಲ. ಕೊನೆಗೆ ಅದನ್ನು ಕಿತ್ತು ಬಸದಿಗೆ ಕೊಟ್ಟರು. ತೊಲೆ ಯಾರದು? ಒಬ್ಬರ ತೊಲೆ ಇನ್ನೊಬ್ಬರ ಪಾಲಿನೊಳಗೆ ಚಾಚಿಕೊಂಡಿರಬಾರದು ಎಂದು ಬಡಗಿಯನ್ನು ಕರೆಸಿ ನಡುವೆ ಕೊಯ್ಯಿಸಿದರು. ಕಂಬ ಇದ್ದ ಜಾಗದಲ್ಲಿ ಒಂದು ತೆಳ್ಳನೆಯ ಅಡ್ಡಗೋಡೆ ಎಬ್ಬಿಸಿ, ಎರಡು ತುಂಡುಗಳ ತುದಿಯನ್ನು ಅದರ ಮೇಲೆ ಕೂರಿಸಿದರು. ನಾನಾಗ ಲಂಗ ಉಡುವ ವಯಸ್ಸಿನವಳು. ಗರಗಸದ ಸದ್ದಿಗೆ ಹೆದರಿ ಅಜ್ಜಿಯ ಸೆರಗಿನಲ್ಲಿ ಕಿವಿ ಮುಚ್ಚಿಕೊಂಡದ್ದು ನೆನಪಿದೆ.

ಅಡ್ಡಗೋಡೆಯಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಅದು ಅಜ್ಜಿಗಾಗಿ ಮಾತ್ರ. ಒಂದು ತಿಂಗಳು ಆ ಕಡೆ ಊಟ, ಒಂದು ತಿಂಗಳು ಈ ಕಡೆ. ಅಜ್ಜಿ ತೀರಿಕೊಂಡ ಮೇಲೆ ಆ ಬಾಗಿಲಿಗೂ ಕಲ್ಲು ತುಂಬಿ ಮಣ್ಣು ಮೆತ್ತಿದರು. ಅಲ್ಲಿಗೆ ನಮ್ಮ ಪಾಲಿಗೆ ಉಳಿದದ್ದು ಹಿತ್ತಿಲ ಬಾಗಿಲೊಂದೇ. ಬೀದಿಗೆ ಬರಬೇಕಾದರೆ ಪಕ್ಕದ ಓಣಿಯಲ್ಲಿ ಸುತ್ತಿ ಬರಬೇಕು. ಸ್ವಂತ ಮನೆಗೆ ಬೆನ್ನ ಕಡೆಯಿಂದ ಹೋಗಿ ಬರುವುದು ಹೇಗಿರುತ್ತದೆ ಎಂದು ಹೇಳಿದರೆ ಅರ್ಥವಾಗುವುದಿಲ್ಲ, ಅನುಭವಿಸಬೇಕು.

ತೀರ್ಥಹಳ್ಳಿಗೆ ಮದುವೆಯಾಗಿ ಹೋದ ನಾನು ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಇದೇ ಅರ್ಧ ಮನೆಗೆ ವಾಪಸು ಬಂದೆ. ಅಪ್ಪನಿಗೆ ನಾವಿಬ್ಬರು ಹೆಣ್ಣುಮಕ್ಕಳು. ತಂಗಿ ಸಾಗರದಲ್ಲಿ ಸಂಸಾರ ಹೂಡಿದ್ದಳು, ಹಾಗಾಗಿ ಅಪ್ಪನ ಪಾಲಿನಲ್ಲಿ ನಾನು ಉಳಿದೆ. ಮುಂದಿನ ಅರ್ಧದಲ್ಲಿ ದೊಡ್ಡಪ್ಪನ ಮಗ, ನನ್ನ ಅಣ್ಣಯ್ಯ, ಮತ್ತು ಅವನ ಹೆಂಡತಿ. ಅವರ ಮಕ್ಕಳು ಹೊರ ಊರಿನಲ್ಲಿದ್ದರು. ಹಿರಿಯರು ಹೋದರೂ ಅವರ ಮುನಿಸು ಮಾತ್ರ ಹೋಗದೆ ನಮಗೆ ಬಂದಿತ್ತು.

ಮಾತಿಲ್ಲ ಎಂದರೆ ಪೂರ್ತಿ ಇಲ್ಲ ಎಂದಲ್ಲ. ಅಡ್ಡಗೋಡೆಯ ಮೇಲೆ, ಕೊಯ್ದ ತೊಲೆಯ ತುದಿಗಳ ಸುತ್ತ ಮೆತ್ತಿದ್ದ ಮಣ್ಣು ಉದುರಿ ಒಂದು ಸಂದು ಬಿದ್ದಿತ್ತು. ಅವರ ಒಗ್ಗರಣೆ ನಮಗೆ ವಾಸನೆ, ನಮ್ಮ ಯಂತ್ರ ಅವರಿಗೆ ಸದ್ದು. ಏನಾದರೂ ಹೇಳಲೇಬೇಕಾದರೆ ಅತ್ತಿಗೆ ಬೆಕ್ಕಿಗೆ ಹೇಳುತ್ತಿದ್ದಳು. "ಹೇ ಬೆಕ್ಕೇ, ಇವತ್ತು ನಲ್ಲೀಲಿ ನೀರು ಬೇಗ ನಿಲ್ತದೆ ಅಂತೆ, ಹಿಡ್ಕೊಳ್ಳೋರು ಹಿಡ್ಕೊಳ್ಳಿ ಅಂತ ಹೇಳು." ನಾನೂ ಬಿಡುತ್ತಿರಲಿಲ್ಲ. "ಬೆಕ್ಕೇ, ಗೊತ್ತಾಯ್ತು ಅನ್ನು." ಎರಡೂ ಮನೆಯ ಹಾಲು ಕುಡಿದು ಆ ಬೆಕ್ಕು ಕೊಬ್ಬಿತ್ತು.

ನನ್ನ ಹೊಲಿಗೆ ತರಗತಿ ಬೆಳೆಯಿತು. ನಿಟ್ಟೂರು, ನಗರ ಎಂಬ ಊರುಗಳ ಕಡೆಯಿಂದ ಬಸ್ಸಿನಲ್ಲಿ ಹುಡುಗಿಯರು ಬರುತ್ತಿದ್ದರು. ಅರ್ಧ ಪಡಸಾಲೆಯ ತುಂಬ ಯಂತ್ರಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಎಲ್ಲರ ತಲೆಯ ಮೇಲೆ ಅದೇ ತೊಲೆಯ ತುಂಡು, ತೊಲೆಯ ಮೇಲೆ ಅಟ್ಟ, ಅಟ್ಟದ ತುಂಬ ಆ ಹಂಡೆಯೂ ಸೇರಿ ಹಿರಿಯರ ತಾಮ್ರ ಹಿತ್ತಾಳೆ.

ಇಷ್ಟು ಹೇಳದೆ ಮುಂದಿನದು ತಿಳಿಯುವುದಿಲ್ಲ.

ತಂಗಿಯ ಮಗಳು ಕಟ್ಟಡಗಳ ಗಟ್ಟಿತನ ಪರೀಕ್ಷಿಸುವ ವಿದ್ಯೆ ಕಲಿತು ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನಮ್ಮ ಕಡೆ ಆಗೊಮ್ಮೆ ಈಗೊಮ್ಮೆ ನೆಲ ಗುಡುಗುಟ್ಟಿ ಪಾತ್ರೆ ಅಲುಗುವುದುಂಟು. ಅಣೆಕಟ್ಟಿನ ಹಿನ್ನೀರು ತುಂಬಿದಾಗ ಭೂಮಿ ಮಗ್ಗುಲು ಬದಲಿಸುತ್ತದೆ ಎಂದು ಜನ ಹೇಳಿಕೊಳ್ಳುತ್ತಾರೆ. ಅದು ನಿಜವೋ ಸುಳ್ಳೋ ಎಂದು ಕೇಳಿದರೆ ಅವಳು, "ಭೂಮಿ ಯಾಕೆ ಅಲುಗ್ತು ಅನ್ನೋದು ಬೇರೆಯವರ ಕೆಲಸ ದೊಡ್ಡಮ್ಮ. ಅಲುಗಿದಾಗ ಮನೆ ಎಂತ ಮಾಡ್ತದೆ ಅನ್ನೋದು ನನ್ನ ಕೆಲಸ" ಎನ್ನುತ್ತಾಳೆ. ಒಂದು ಬೇಸಿಗೆ ರಜೆಯಲ್ಲಿ ಹಳೆಯ ಶಾಲೆ, ಅಂಗನವಾಡಿಗಳನ್ನು ನೋಡಲು ವಿದ್ಯಾರ್ಥಿಗಳ ಜೊತೆ ಬಂದಳು. ಬ್ಯಾಕೋಡಿನಿಂದ ತೀರ್ಥಹಳ್ಳಿಯವರೆಗೆ ಸುತ್ತಿದಳು. ಊರ ದಾರಿ ತೋರಿಸಲು, ಹೊತ್ತಿಗೆ ಸರಿಯಾಗಿ ಊಟ ಹೊಂದಿಸಲು ನಾನೂ ಜೀಪು ಹತ್ತಿದೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕೆಲಸಕ್ಕೆ ಬಿದ್ದರೆ ಆ ಹುಡುಗಿಗೆ ಹೊತ್ತೇ ತಿಳಿಯುವುದಿಲ್ಲ.

ಅವಳು ಗೋಡೆ ನೋಡುವುದನ್ನು ನೋಡಬೇಕು. ಹಲಸಿನಹಣ್ಣು ಮಾಗಿದೆಯೋ ಎಂದು ತಟ್ಟುವ ಹಾಗೆ ತಟ್ಟಿ ಕಿವಿಗೊಡುತ್ತಾಳೆ. ಬೀಗದ ಕೈಯಿಂದ ಕಲ್ಲಿನ ಸಂದು ಕೆರೆಯುತ್ತಾಳೆ. ಮೂಲೆಯಲ್ಲಿ ಎರಡು ಗೋಡೆ ಒಂದಕ್ಕೊಂದು ಹೆಣೆದುಕೊಂಡಿವೆಯೋ, ಸುಮ್ಮನೆ ಒರಗಿ ನಿಂತಿವೆಯೋ ನೋಡುತ್ತಾಳೆ. ಬಾಗಿಲು ಹೊರಗೆ ತೆರೆಯುತ್ತದೋ ಒಳಗೋ ಎಂದು ಕೇಳುತ್ತಾಳೆ. ನನಗೆ ಅರ್ಥವಾಗಲೆಂದು ನನ್ನದೇ ಭಾಷೆಯಲ್ಲಿ ಹೇಳಿದಳು. "ಬಟ್ಟೆ ಹರಿಯೋದು ಎಲ್ಲಿ ದೊಡ್ಡಮ್ಮ?"

"ಹೊಲಿಗೇಲಿ."

"ಮನೇನೂ ಅಷ್ಟೇ. ಗೋಡೆ ಗೋಡೆ ಸೇರೋ ಕಡೆ, ಗೋಡೆಗೆ ಹೆಂಚಿನ ಮಾಡು ಸೇರೋ ಕಡೆ. ನಾಲ್ಕು ಗೋಡೆಗೂ ಸುತ್ತ ಒಂದು ಪಟ್ಟಿ ಬಿಗಿದ್ರೆ ಅವು ಒಟ್ಟಿಗೆ ತೂಗ್ತವೆ. ಇಲ್ಲದಿದ್ರೆ ಒಂದೊಂದೂ ಒಂದೊಂದು ದಿಕ್ಕಿಗೆ."

ಇಷ್ಟೆಲ್ಲ ಊರಿನ ಶಾಲೆಗಳನ್ನು ತಟ್ಟಿದವಳು ನನ್ನ ಮನೆಯನ್ನು ಮಾತ್ರ ತಟ್ಟಲಿಲ್ಲ. ಊಟ ಮಾಡುವಾಗ ತಲೆ ಎತ್ತಿ ನೋಡುವಳು, ಮತ್ತೆ ತಟ್ಟೆ ನೋಡುವಳು. ಹೊರಡುವ ದಿನ ನಾನೇ ಕೇಳಿದೆ. "ಕಂಡೋರ ಮನೆಯೆಲ್ಲ ನೋಡಿದ್ಯಲ್ಲ, ಇದನ್ನೂ ನೋಡು ಮಾರಾಯ್ತಿ."

ಅವಳು ಏಣಿ ಹತ್ತಿದಳು. ತೊಲೆಯ ತುದಿಯ ಹತ್ತಿರ ಟಾರ್ಚು ಬಿಟ್ಟು ತುಂಬಾ ಹೊತ್ತು ನಿಂತಳು.

"ಇದನ್ನ ಕೊಯ್ದಿದ್ದು ಯಾರು?"

"ಪಂಚರು. ನ್ಯಾಯ ಮಾಡಿ ಕೊಯ್ಸಿದ್ದು."

"ಒಂದು ಗೇಣೂ ಕೂತಿಲ್ಲ ದೊಡ್ಡಮ್ಮ ಗೋಡೆ ಮೇಲೆ. ಬರೀ ಬೆರಳು ತುದೀಲಿ ಹಿಡ್ಕೊಂಡ ಹಾಗಿದೆ. ಕೆಳಗಿನ ಗೋಡೇಗೂ ಬಾಗಿಲು ಬಿಟ್ಟು ಮತ್ತೆ ಕಲ್ಲು ತುಂಬಿದ್ದಾರೆ. ಅಲುಗಿದ್ರೆ ತುದಿ ಜಾರ್ತದೆ. ಜಾರಿದ್ರೆ ಅಟ್ಟ, ಹಂಡೆ ಎಲ್ಲಾ..." ಕೆಳಗೆ ಹುಡುಗಿಯರು ಗುಂಡಿ ಹೊಲಿಯುತ್ತಿದ್ದರು. ಅವಳು ಟಾರ್ಚು ಆರಿಸಿ ಏಣಿ ಇಳಿದಳು.

ಮಾಡಬೇಕಾದ್ದನ್ನು ಆಮೇಲೆ ಹೇಳಿದಳು. ಅಟ್ಟ ಖಾಲಿ ಮಾಡಬೇಕು. ತುದಿಗಳ ಕೆಳಗೆ ಕಂಬ ಕೊಡಬೇಕು. ಎರಡು ತುಂಡು ತೊಲೆಗೂ ತೂತಿರುವ ಕಬ್ಬಿಣದ ಕಿವಿ ಕೂರಿಸಿ, ಗೋಡೆ ತೂರಿಸಿ ಸರಳು ಹಾಕಿ, ಎರಡು ಕಡೆಯಿಂದಲೂ ನಟ್ಟು ಬಿಗಿಯಬೇಕು. ಸುತ್ತ ಗೋಡೆಗೆ ಪಟ್ಟಿ ಬರಬೇಕು.

"ಎರಡು ಕಡೆಯಿಂದ ಅಂದ್ರೆ?"

"ಮಾವನ ಕಡೆಯಿಂದಲೂ. ಅರ್ಧ ಮನೆ ಗಟ್ಟಿ ಮಾಡಕ್ಕೆ ಬರೋದಿಲ್ಲ ದೊಡ್ಡಮ್ಮ. ಪಾಲು ನಿಮಗೆ. ತೊಲೆಗೆ ಗೊತ್ತಿಲ್ಲ ಅದು."

ಹೋಗುವ ಮುಂಚೆ ಅಡ್ಡಗೋಡೆಯ ಒಂದು ಬಿರುಕಿನ ಮೇಲೆ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದಳು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ, ಆಗ ತನಗೆ ಫೋನು ಮಾಡಬೇಕು ಎಂದಳು.

ಅಟ್ಟ ಇಳಿಸುವುದು ನನ್ನ ಕೈಯಲ್ಲಿತ್ತು, ಇಳಿಸಿದೆ. ಹಂಡೆ ಹಿತ್ತಿಲು ಸೇರಿತು. ತೊಲೆಯ ಕೆಳಗಿನ ಯಂತ್ರಗಳನ್ನೂ ಮೇಜನ್ನೂ ಗೋಡೆಯ ಬದಿಗೆ ಸರಿಸಿದೆ. ಹುಡುಗಿಯರಿಗೆ ಆ ಜಾಗದಲ್ಲಿ ಕೂರಬೇಡಿ, ನಿಲ್ಲಬೇಡಿ ಎಂದೆ. ಅವರು ಪಡಸಾಲೆಯ ನಡುವೆ ಬಾವಿ ಇದೆಯೇನೋ ಎನ್ನುವಂತೆ ಸುತ್ತಿ ನಡೆಯಲು ಕಲಿತರು. ಬೇರೆ ಜಾಗ ಹುಡುಕಿದೆ. ಸಿಕ್ಕ ಕೋಣೆಗಳಲ್ಲಿ ಎರಡು ಯಂತ್ರ ಹಿಡಿದರೆ ಮೂರನೆಯದು ಹಿಡಿಯದು. ಬಸ್ ನಿಲ್ದಾಣದಿಂದ ದೂರವಾದರೆ ಹಳ್ಳಿಯ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ತರಗತಿ ನಿಲ್ಲಿಸಿದರೆ ಅವರ ಕಲಿಕೆ ಹೋಯಿತು, ನಡೆಸಿದರೆ ಅವರ ತಲೆಯ ಮೇಲೆ ಆ ತೊಲೆ. ದಿನಕ್ಕೆ ಎಷ್ಟೋ ಸಲ ತಲೆ ಎತ್ತಿ ನೋಡಿ ನನ್ನ ಕುತ್ತಿಗೆಯೇ ಹಿಡಿದುಕೊಂಡಿತು. ಬೆಕ್ಕು ಅಟ್ಟದ ಮೇಲೆ ಹಾರಿದರೂ ಕತ್ತರಿ ಕೈಯಿಂದ ಬೀಳುತ್ತಿತ್ತು. ಆ ಅರ್ಧ ಮನೆ ಮೊದಲೂ ಇಕ್ಕಟ್ಟೇ. ಆದರೆ ಆಗ ಅದು ಬರೀ ಜಾಗದ ಇಕ್ಕಟ್ಟಾಗಿತ್ತು.

ಕೊನೆಗೆ ಒಂದು ಬೆಳಿಗ್ಗೆ ಓಣಿ ಸುತ್ತಿ ಅವರ ಜಗುಲಿಗೇ ಹೋದೆ. ಅಣ್ಣಯ್ಯ ಪೇಪರ್ ಓದುತ್ತಿದ್ದ. ತಲೆ ಎತ್ತಲಿಲ್ಲ.

"ತೊಲೆ ವಿಷಯ" ಎಂದೆ.

"ಗೊತ್ತು. ಸಂದಿನಲ್ಲಿ ಎಲ್ಲಾ ಕೇಳ್ತದೆ."

"ಸರಳು ಹಾಕ್ಸಬೇಕಂತೆ. ನಿಮ್ಮ ಕಡೆಯಿಂದಲೂ ನಟ್ಟು ಬರಬೇಕಂತೆ."

ಅವನು ಪೇಪರ್ ಮಡಚಿದ. "ಹತ್ತು ಜನ ಹಿರಿಯರು ಕೂತು ಕೊಯ್ಸಿದ ತೊಲೆ ಅದು. ಇವತ್ತು ಸೇರಿಸಿದ್ರೆ ನಾಳೆ ಯಾರಾದ್ರೂ ಪಾಲೇ ಆಗಿಲ್ಲ, ಮನೆ ಒಂದೇ ಅಂತ ತಕರಾರು ತೆಗೆದ್ರೆ? ನನ್ನ ಮಕ್ಕಳು ಕೋರ್ಟು ಅಲೀಬೇಕನಾ?"

"ನನಗೆ ಮಕ್ಕಳಿಲ್ಲ. ತಕರಾರು ಯಾರು ತೆಗೀತಾರೆ ಅಣ್ಣಯ್ಯ?"

"ನಿನ್ನ ತಂಗಿಗೆ ಇದ್ದಾರಲ್ಲ. ಗೋಡೆ ತಟ್ಟೋಳು."

ನನಗೆ ಸಿಟ್ಟು ಬಂತು. "ಹಾಗಾದ್ರೆ ನಿಮ್ಮ ಪಾಲು ಕೆಡವಿ ಕಟ್ಕೊಳ್ಳಿ. ನನ್ನದು ಬಿದ್ದರೆ ಬೀಳಲಿ."

"ಕೆಡವಬೇಕಂತ ಎಷ್ಟು ವರ್ಷದಿಂದ ಇದೀನಿ ಗೊತ್ತನಾ? ಮೇಸ್ತ್ರಿ ಬಂದು ನೋಡಿದ. ಇದನ್ನ ಮುಟ್ಟಿದ್ರೆ ಹಿಂದುಗಡೆ ಇರೋ ಹೊಲಿಗೆ ಅಮ್ಮನ ಮನೆ ಕೂತ್ಕೊಳ್ತದೆ ಅಂದ. ವಾಪಸು ಕಳಿಸ್ದೆ." ಅವನು ಮೊದಲ ಸಲ ನನ್ನ ಮುಖ ನೋಡಿದ. "ನೀನು ಅಲ್ಲಿಂದ ಏಳೋ ಹಾಗಿಲ್ಲ, ನಾನು ಇಲ್ಲಿಂದ ಏಳೋ ಹಾಗಿಲ್ಲ. ಹೋಗು, ಹುಡುಗೀರು ಕಾಯ್ತಿರ್ತಾರೆ."

ಓಣಿ ಸುತ್ತಿ ವಾಪಸು ಬಂದೆ. ಸಂದಿನಲ್ಲಿ ಅತ್ತಿಗೆ ಬೆಕ್ಕಿಗೆ ಹೇಳುತ್ತಿದ್ದಳು. "ಗಂಡಸರಿಗೆ ಕೋರ್ಟಿನ ಹೆದರಿಕೆ ಇರೋ ಅಷ್ಟು ಕಲ್ಲಿನ ಹೆದರಿಕೆ ಇಲ್ಲ ಕಣೇ." ಅಣ್ಣಯ್ಯ ಏನೋ ಗದರಿದ.

ಮಳೆಗಾಲ ಹೋಗಿ ಬಿಸಿಲು ಬಂದ ಮೇಲೆ, ಒಂದು ಮಧ್ಯಾಹ್ನ ಅದಾಯಿತು.

ತರಗತಿ ಮುಗಿದಿತ್ತು. ಮದುವೆ ಮನೆಯ ರವಿಕೆಗಳು ಬಾಕಿ ಇದ್ದುದರಿಂದ ನಿಟ್ಟೂರಿನ ಅಕ್ಕತಂಗಿಯರಿಬ್ಬರು ಮಾತ್ರ ಉಳಿದಿದ್ದರು. ಓಣಿಯಲ್ಲಿ ಯಾರೋ ಕಲ್ಲಿನ ಲಾರಿ ಸುರಿದ ಹಾಗೆ ಒಂದು ಸದ್ದು ಬಂತು. ಓಣಿಯಲ್ಲಿ ಲಾರಿ ಹಿಡಿಯುವುದಿಲ್ಲ ಎಂದು ನನಗೆ ಹೊಳೆಯುವಷ್ಟರಲ್ಲಿ ನೆಲ ಕಾಲಿನ ಕೆಳಗೆ ಒಮ್ಮೆ ನಡುಗಿತು. ದಾರದ ಉರುಳೆಗಳು ಯಂತ್ರದಿಂದ ಬಿದ್ದು ಉರುಳಿದವು. "ಮೇಜಿನ ಕೆಳಗೆ!" ಎಂದು ಕೂಗಿದೆ. ಮೂವರೂ ನುಗ್ಗಿದೆವು. ಮೇಲಿನಿಂದ ಮಣ್ಣು ಸುರಿಯಿತು. ಎರಡು ಹೆಂಚು ಬಿದ್ದು ಚೂರಾದವು. ಅಷ್ಟೇ, ನಿಂತಿತು. ಪೇಟೆಯಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತೇ ಆಗಲಿಲ್ಲವಂತೆ.

ಹೊರಗೆ ಓಡೋಣ ಎಂದು ಬಾಗಿಲಿಗೆ ಹೋದರೆ ಬಾಗಿಲು ತೆರೆಯಲಿಲ್ಲ. ಗೋಡೆ ಜರುಗಿ ಮೇಲಿನ ಅಡ್ಡಮರ ಓರೆಯಾಗಿ, ಬಾಗಿಲನ್ನು ಹಲ್ಲು ಕಚ್ಚಿದ ಹಾಗೆ ಕಚ್ಚಿಕೊಂಡಿತ್ತು. ಒಳಗೆ ತೆರೆಯುವ ಬಾಗಿಲು. ಎಳೆದೆವು. ಚಿಲಕ ಕೈಗೆ ಬಂತು, ಬಾಗಿಲು ಬರಲಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಕಳ್ಳರು ಬಾರದಿರಲಿ ಎಂದು ಅಪ್ಪ ಹಾಕಿಸಿದ್ದು. ತಲೆ ಎತ್ತಿ ನೋಡಿದೆ. ನನ್ನ ಕಡೆಯ ತೊಲೆಯ ತುದಿ ಇನ್ನಷ್ಟು ಈಚೆ ಜಾರಿತ್ತು. ಬಿರುಕಿನ ಮೇಲಿನ ಗಾಜು ಎರಡು ತುಂಡಾಗಿತ್ತು.

ಚಿಕ್ಕವಳು ಅಳಲು ಶುರು ಮಾಡಿದಳು. ಆಗ ಸಂದಿನಿಂದ ದನಿ ಬಂತು. ಬೆಕ್ಕಿನ ಹೆಸರಿಲ್ಲದೆ, ನೇರವಾಗಿ.

"ಏ, ಇದ್ದೀಯನೇ? ಪೆಟ್ಟಾಯ್ತನಾ? ಯಾರೂ ತೊಲೆ ಕೆಳಗೆ ನಿಲ್ಲಬೇಡಿ!"

"ಇದ್ದೀನಿ ಅತ್ತಿಗೆ. ಬಾಗಿಲು ಬರ್ತಾ ಇಲ್ಲ. ಹುಡುಗೀರಿದ್ದಾರೆ ಇಬ್ಬರು."

ಆ ಕಡೆ ಅಣ್ಣಯ್ಯನ ಹೆಜ್ಜೆ ಧಡಧಡನೆ ಕೇಳಿಸಿತು. ಹಾರೆ ನೆಲಕ್ಕೆ ತಾಗಿದ ಸದ್ದು. "ಅಜ್ಜಿ ಬಾಗಿಲು ಒಡೀತೀನಿ, ಹಿಂದೆ ಸರೀರಿ" ಎಂದ. ಮೊದಲ ಏಟು ಬಿತ್ತು. ಕಲ್ಲು ತುಂಬಿದ ಆ ಹಳೆಯ ಬಾಗಿಲು ಅಲುಗಿತು, ಅದರ ಜೊತೆ ಇಡೀ ಅಡ್ಡಗೋಡೆ ಅಲುಗಿತು, ತೊಲೆಯ ತುದಿಯಿಂದ ಮಣ್ಣು ಧಾರೆ ಕಟ್ಟಿ ಸುರಿಯಿತು.

"ನಿಲ್ಸಿ ಅಣ್ಣಯ್ಯ! ಗೋಡೆ ಮುಟ್ಟಬೇಡಿ! ಎರಡು ತೊಲೆ ತುದೀನೂ ಅದರ ಮೇಲೇ ಕೂತಿದೆ!"

ಹಾರೆ ನಿಂತಿತು. "ಮತ್ತೆ? ಒಳಗೇ ಇರ್ತೀಯನಾ ನೀನು?"

"ಮೊದಲು ನೀವು ಅದರ ಕೆಳಗಿಂದ ಆಚೆ ಹೋಗಿ. ಜಾರಿದ್ರೆ ನಿಮ್ಮ ಕಡೇನೂ ಬೀಳ್ತದೆ."

ಇಷ್ಟು ದಿನ ಕಾಪಾಡಲಾರದ ಗೋಡೆ ಎಂದು ಹೆದರಿದ್ದೆ. ಈಗ ಅದನ್ನು ಕೆಡವಿದರೂ ಸಾವು, ಬಿಟ್ಟರೂ ಸೆರೆ. ತಂಗಿಯ ಮಗಳಿಗೆ ಫೋನು ಮಾಡಿದೆ, ಸಿಗಲಿಲ್ಲ, ಮತ್ತೆ ಮಾಡಿದೆ. ಸಿಕ್ಕಿದಾಗ ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಮೆಲ್ಲಗೆ, ಅಳುವವರಿಗೆ ಹೇಳುವ ಹಾಗೆ ಹೇಳಿದಳು. ಅಡ್ಡಗೋಡೆ ಯಾರೂ ಮುಟ್ಟಬಾರದು. ನಾವು ಮೇಜಿನೊಂದಿಗೆ ಹಿತ್ತಿಲ ಗೋಡೆಯ ಹತ್ತಿರದ ಮೂಲೆಗೆ ಸರಿದು ಅದರ ಕೆಳಗೇ ಇರಬೇಕು. ಬಾಗಿಲಿನ ಚೌಕಟ್ಟಿಗೆ ಹೊರಗಿನಿಂದ ಊರುಗೋಲು ಕೊಟ್ಟು, ಬಾಗಿಲಿನ ಕೆಳಗಿನ ಹಲಗೆ ಮಾತ್ರ ಕೊಯ್ಯಬೇಕು. ಬಡಿಯಬಾರದು. ಯಂತ್ರದ ಗರಗಸ ಬೇಡ, ಅದು ಅದುರಿಸುತ್ತದೆ. ಕೈಗರಗಸ, ನಿಧಾನ.

ಅಣ್ಣಯ್ಯ ಓಣಿ ಸುತ್ತಿ ಬಂದ. ಅಕ್ಕಪಕ್ಕದವರು ಚಪ್ಪರದ ಕಂಬ ತಂದು ಚೌಕಟ್ಟಿಗೆ ಊರುಗೋಲು ಕೊಟ್ಟರು. ಕೊಯ್ಯಲು ಅವನೇ ಕೂತ. ಹಳೆಯ ಗಟ್ಟಿ ಮರ, ಗರಗಸ ಕೂದಲೆಳೆಯಷ್ಟು ಒಳಗೆ ಹೋಗುವುದಕ್ಕೆ ಎಷ್ಟು ಹೊತ್ತು! ಮೇಜಿನ ಕೆಳಗೆ ಮಂಡಿ ಮಡಚಿ ಕೂತು ಆ ಸದ್ದು ಕೇಳಿದೆ. ಚಿಕ್ಕಂದಿನಲ್ಲಿ ಕಿವಿ ಮುಚ್ಚಿಕೊಂಡ ಅದೇ ಸದ್ದು. ಈ ಸಲ ಅದು ನಿಂತರೆ ಭಯವಾಗುತ್ತಿತ್ತು.

ಅತ್ತಿಗೆ ಹುಡುಗಿಯರನ್ನು ಸುಮ್ಮನೆ ಬಿಡಲಿಲ್ಲ. ಅವಳಿಗೆ ಮಂಡಿನೋವು, ಓಣಿ ಸುತ್ತಿ ಬರಲು ಆಗುವುದಿಲ್ಲ. ದೂರದಲ್ಲಿ ನಿಂತು ಸಂದಿಗೆ ಕೇಳುವಂತೆ ಕೂಗುತ್ತಿದ್ದಳು.

"ಅಳೋದು ಯಾರದು? ಚಿಕ್ಕೋಳಾ? ನಿನ್ನೆ ತೋಳು ತಿರುಗುಮುರುಗು ಹೊಲ್ದು ಬೈಸ್ಕೊಂಡೋಳು ನೀನೇ ಅಲ್ಲನಾ?"

ಚಿಕ್ಕವಳು ಅಳು ನಿಲ್ಲಿಸಿದಳು. "ಅದೂ ಕೇಳ್ತದಾ ನಿಮಗೆ?"

"ನಿನ್ನ ಟೀಚರು ಬೈಯೋದು ಪೇಟೆಗೇ ಕೇಳ್ತದೆ. ನಾನೂ ಕೂತಲ್ಲೇ ಅರ್ಧ ಹೊಲಿಗೆ ಕಲ್ತೆ."

ದೊಡ್ಡವಳು ನಕ್ಕಳು. ಮೇಜಿನ ಕೆಳಗೆ ಮೂವರ ಮೊಣಕಾಲು ಒಂದಕ್ಕೊಂದು ಒತ್ತಿಕೊಂಡಿದ್ದವು. ನನಗೂ ನಗು ಬಂತು, ಅದರ ಹಿಂದೆಯೇ ಕಣ್ಣೀರು. ಕಿಟಕಿಯ ಬಿಸಿಲು ನೆಲದಿಂದ ಗೋಡೆಗೆ ಹತ್ತಿ ಕೆಂಪಾಯಿತು. ಆಗ ಅತ್ತಿಗೆಯ ದನಿ ಬದಲಾಯಿತು. ಈಗ ಅವಳು ಬೀದಿ ಬಾಗಿಲಿನಲ್ಲಿ ನಿಂತು ಗಂಡನಿಗೆ ಕೂಗುತ್ತಿದ್ದಳು. "ರೀ, ಹೊತ್ತು ಇಳೀತಾ ಇದೆ! ಕತ್ತಲಾದ್ರೆ ಅವಳು ನೀರೂ ಮುಟ್ಟೋದಿಲ್ಲ. ಬೆಳಿಗ್ಗೆಯಿಂದ ಒಂದು ಲೋಟ ಗಂಜಿ ಕುಡಿದಿದ್ದಾಳೆ ಅಷ್ಟೇ. ಬೇಗ ಕೊಯ್ರೀ!"

ನಾನು ಏನು ಉಂಡೆ, ಯಾವಾಗ ಉಂಡೆ ಎಂದು ಲೆಕ್ಕ ಇಟ್ಟವರು ಈ ಭೂಮಿಯ ಮೇಲೆ ಒಬ್ಬರಿದ್ದರು, ಅದೂ ಮಾತು ಬಿಟ್ಟವರು.

ಹಲಗೆ ಕಳಚಿತು. ಹುಡುಗಿಯರನ್ನು ಮುಂದೆ ಬಿಟ್ಟು ನಾನು ಕೊನೆಗೆ ತೆವಳಿ ಹೊರಗೆ ಬಂದೆ. ಅಣ್ಣಯ್ಯನ ಅಂಗೈ ಬೊಬ್ಬೆ ಬಂದು ಒಡೆದಿತ್ತು. ನನ್ನ ತಲೆಯ ಮೇಲಿನ ಮಣ್ಣು ಕೊಡವಿದ. "ನಡಿ, ಅವಳು ಎಲೆ ಹಾಕಿರ್ತಾಳೆ" ಎಂದ.

ನಮ್ಮ ಮನೆಯ ಬೀದಿ ಬಾಗಿಲಿಗೆ ನಾನು ಊಟಕ್ಕೆಂದು ಬಂದೆ. ಹೆದರಿ ಅವರೂ ಒಳಗೆ ಎಲೆ ಹಾಕಿರಲಿಲ್ಲ, ಜಗುಲಿಯಲ್ಲಿ ಹಾಕಿದ್ದರು. ಅನ್ನ, ಕಟ್ಟಿನ ಸಾರು, ಹಪ್ಪಳ. ಮೂವರೂ ಕೂತೆವು. ಎದುರಿನ ಮನೆಯ ಹೆಂಚಿನ ಮೇಲೆ ಬಿಸಿಲು ಇನ್ನೂ ಒಂದಿಷ್ಟಿತ್ತು. ಅತ್ತಿಗೆ ಅದನ್ನು ನೋಡುತ್ತಲೇ ಬಡಿಸಿದಳು. "ಮಾತು ಆಮೇಲೆ. ಮೊದಲು ಉಣ್ಣು."

ಉಂಡು ಕೈ ತೊಳೆಯುವಾಗ ತೆರೆದ ಬಾಗಿಲಿನಿಂದ ಅವರ ಪಡಸಾಲೆ ಕಂಡಿತು. ತೊಲೆಯ ಇನ್ನೊಂದು ತುಂಡು ಕಂಡಿತು. ಅದರ ಕೆಳಗೆ ಅತ್ತಿಗೆಯ ಮಂಚ. ಮಂಡಿನೋವಿನವಳು ಬಚ್ಚಲಿಗೆ ಹತ್ತಿರವಿರಲೆಂದು ಅಲ್ಲಿ ಹಾಕಿದ್ದು, ಬೇರೆಡೆ ಹಾಕಲು ಜಾಗವಿಲ್ಲ. ಮಂಚದ ಮೇಲುಗಡೆ ಗೋಡೆಯ ಬಿರುಕಿನ ಮೇಲೆ ಏನೋ ಮಿನುಗಿತು. ಒಡೆದ ಕನ್ನಡಿಯ ಉದ್ದನೆಯ ಚೂರು. ಎರಡು ತುದಿಗೂ ಸಿಮೆಂಟು ಮೆತ್ತಿ ಅಂಟಿಸಿದ್ದು. ನಡುವೆ ಸೀಳಿತ್ತು.

ಅಣ್ಣಯ್ಯ ನನ್ನ ಕಣ್ಣು ಹೋದ ಕಡೆ ನೋಡಿದ.

"ಯಾವಾಗ ಹಾಕಿದ್ದು?" ಎಂದೆ.

"ಆ ಗೋಡೆ ತಟ್ಟೋಳು ನಿನಗೆ ಹೇಳ್ತಾ ಇದ್ಲಲ್ಲ, ಸಂದಿನಲ್ಲಿ ಕೇಳಿಸ್ತು. ಮಾರನೇ ದಿನವೇ ಹಾಕ್ದೆ." ಅವನು ಬೊಬ್ಬೆ ಬಂದ ಕೈ ನೋಡಿಕೊಂಡ. "ಇವತ್ತಲ್ಲ ಒಡೆದಿದ್ದು. ಮಳೆಗಾಲದಲ್ಲೇ."

"ಮತ್ತೆ ಸುಮ್ಮನಿದ್ರಾ?"

"ಎಂತ ಮಾಡಲಿ? ಹೇಳಿದ್ರೆ ಇವಳು ನಿದ್ದೆ ಮಾಡೋದಿಲ್ಲ."

"ನಿಮ್ಮ ಹೊಟ್ಟೆಯೊಳಗೆ ಗುಟ್ಟು ನಿಲ್ತದನಾ?" ಎಂದಳು ಅತ್ತಿಗೆ. "ನನಗೆ ಅವತ್ತೇ ಗೊತ್ತು. ಗೊತ್ತಿದ್ದೇ ಮಲಗ್ತಾ ಇದ್ದೆ."

ಆಮೇಲೆ ಅಣ್ಣಯ್ಯನೇ ಕೇಳಿದ. "ಆ ಸರಳನ್ನ ಬೆಸುಗೆ ಹಾಕ್ತಾರಾ, ನಟ್ಟು ಹಾಕ್ತಾರಾ?"

"ನಟ್ಟು."

"ಬಿಚ್ಚಕ್ಕೆ ಬರ್ತದಲ್ಲ?"

"ಬರ್ತದೆ."

"ಹಾಗಾದ್ರೆ ಸೇರಿಸಿದ ಹಾಗಾಗೋದಿಲ್ಲ" ಎಂದ. ಯಾವುದೋ ಕೋರ್ಟಿನಲ್ಲಿ ನಿಂತು ಉತ್ತರ ಕೊಡುತ್ತಿರುವವನ ಹಾಗೆ ಇನ್ನೊಮ್ಮೆ ಹೇಳಿದ. "ಹಿಡ್ಕೊಂಡ ಹಾಗೆ, ಅಷ್ಟೇ. ಹೇಳು ಅವಳಿಗೆ, ಬರಲಿ."

ಅವಳು ಬಂದಳು. ಕೆಲಸ ಮುಗಿಯುವವರೆಗೆ ನಾನು ಸಾಗರದಲ್ಲಿ ತಂಗಿಯ ಮನೆಯಲ್ಲಿದ್ದೆ. ಅಣ್ಣಯ್ಯ ಅತ್ತಿಗೆ ಪೇಟೆಯಲ್ಲೇ ನೆಂಟರ ಮನೆಯಲ್ಲಿದ್ದರು. ತುದಿಗಳ ಕೆಳಗೆ ಆ ಕಡೆ ಒಂದು, ಈ ಕಡೆ ಒಂದು ಕಬ್ಬಿಣದ ಕಂಬ ಬಂತು. ಯಾರ ಕಂಬ ಎಂಬ ಪ್ರಶ್ನೆ ಏಳಲಿಲ್ಲ. ತೊಲೆಗೆ ಕಿವಿ, ಕಿವಿಗೆ ಸರಳು. ಗೋಡೆಗಳ ನೆತ್ತಿಯಲ್ಲಿ ಸುತ್ತಲೂ ಪಟ್ಟಿ. ನನ್ನ ಬಾಗಿಲು ಈಗ ಹೊರಗೆ ತೆರೆಯುತ್ತದೆ. ಕಿಟಕಿಯ ಸರಳುಗಳು ಒಂದು ಚೌಕಟ್ಟಿನಲ್ಲಿ ಕೂತು, ಒಳಗಿನ ಕೊಂಡಿ ತೆಗೆದರೆ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತವೆ. ಅಜ್ಜಿಯ ಬಾಗಿಲಿನ ಕಲ್ಲು ತೆಗೆಸೋಣವೇ ಎಂದು ನಾನು ಕೇಳಿದ್ದೆ. ಅಣ್ಣಯ್ಯ ಕೇಳಿಸದವನ ಹಾಗೆ ಇದ್ದ. ಅದು ಮುಚ್ಚಿಯೇ ಇದೆ.

"ಇನ್ನು ಏನೂ ಆಗೋದಿಲ್ಲನಾ?" ಎಂದು ತಂಗಿಯ ಮಗಳನ್ನು ಕೇಳಿದೆ. ಅವಳು ಸುಳ್ಳು ಹೇಳುವವಳಲ್ಲ. "ಮನೆ ಉಳೀತದೆ ಅಂತ ಹೇಳೋದಿಲ್ಲ ದೊಡ್ಡಮ್ಮ. ನೀವೆಲ್ಲ ಹೊರಗೆ ಬರೋ ಅಷ್ಟು ಹೊತ್ತು ಅದು ನಿಲ್ತದೆ." ಹೊರಗೆ ಬರುವಷ್ಟು ಹೊತ್ತು. ಅಷ್ಟನ್ನೇ ನಂಬಿ ಹುಡುಗಿಯರನ್ನು ಮತ್ತೆ ಕರೆದೆ. ಪಡಸಾಲೆಯ ನಡುವೆ ಯಂತ್ರ ಇಟ್ಟಿದ್ದೇನೆ. ಅವರು ಮಾತ್ರ ಹಳೆಯ ಅಭ್ಯಾಸಕ್ಕೆ ಇನ್ನೂ ಬಾವಿ ಸುತ್ತಿದ ಹಾಗೆ ಸುತ್ತುತ್ತಾರೆ. ನಾನೂ ತಲೆ ಎತ್ತಿ ನೋಡುವುದನ್ನು ಬಿಟ್ಟಿಲ್ಲ.

ಒಂದು ಕೆಲಸ ಉಳಿದಿದೆ, ಅದು ಮುಗಿಯುವಂಥದ್ದಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಿಸಿಲಿಗೆ ಒಣಗಿ ಕುಗ್ಗುತ್ತದೆ, ನಟ್ಟು ಸಡಿಲವಾಗುತ್ತದೆ. ಪ್ರತಿ ಸಲ ಮಳೆ ಹೋದ ಮೇಲೆ ಬಿಗಿಯಬೇಕು. ಒಬ್ಬರೇ ಬಿಗಿದರೆ ಸರಳೇ ತಿರುಗುತ್ತದೆ. ಒಂದು ಕಡೆ ಒಬ್ಬರು ಪಾನಾದಲ್ಲಿ ನಟ್ಟು ಹಿಡಿದುಕೊಳ್ಳಬೇಕು, ಇನ್ನೊಂದು ಕಡೆ ಇನ್ನೊಬ್ಬರು ತಿರುಗಿಸಬೇಕು. ಸಂದನ್ನು ಗಾರೆ ತುಂಬಿ ಮುಚ್ಚಿಬಿಟ್ಟಿದ್ದಾರೆ, 'ಹಿಡ್ಕೊಂಡ್ಯಾ' ಎಂದು ಈಗ ಗಟ್ಟಿಯಾಗಿ ಕೂಗಬೇಕು.

ಮೊನ್ನೆ ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋದಾಗ ಓಣಿಯ ಆ ತುದಿಯಿಂದ ಅತ್ತಿಗೆಯ ದನಿ ಕೇಳಿಸಿತು. ಬೆಕ್ಕು ನನ್ನ ಕಾಲಿನ ಹತ್ತಿರವೇ ಮಲಗಿತ್ತು.

"ಹೇ ಬೆಕ್ಕೇ, ಬಿಸಿಲು ಬಂತು. ಏಣಿ ಹತ್ತೋರು ಹತ್ತಿ ಅಂತ ಹೇಳು. ಈ ಕಡೆಯೋರು ಪಾನಾ ಹಿಡ್ಕೊಂಡು ನಿಂತಾಗಿದೆ."

ಬಟ್ಟೆ ಅಲ್ಲೇ ಬಿಟ್ಟು ಏಣಿ ತರಲು ಒಳಗೆ ಹೋದೆ.